ಜಿಮ್ನಿಗೆ ಎಟಿ ಟೈರೋ, ಎಂಟಿ ಟೈರೋ?

ಎಟಿ ಎಂದರೆ ಆಲ್ ಟೆರೇನ್, ಎಲ್ಲ ಬಗೆಯ ದಾರಿಗೆ; ಎಂಟಿ ಎಂದರೆ ಮಡ್ ಟೆರೇನ್, ಕೆಸರಿಗೆ. ಮಾರುತಿಯ ಪುಟ್ಟ ಫೋರ್ ವೀಲ್ ಡ್ರೈವ್ ಜಿಮ್ನಿಗೆ ಕಂಪನಿ ಕೊಡುವ ಅಳತೆ 195/80 ಆರ್15 (ಅಗಲ 195 ಮಿ.ಮೀ., ಪಕ್ಕದ ಗೋಡೆ ಅದರ ಶೇ 80, ರಿಮ್ 15 ಇಂಚು), ಅಂದರೆ ಟೈರಿನ ಎತ್ತರ 693 ಮಿ.ಮೀ. 215/75 ಆರ್15 ಹಾಕಿದರೆ 10 ಮಿ.ಮೀ. ಹೆಚ್ಚುತ್ತದೆ, ಸ್ಪೀಡೋಮೀಟರ್ ವ್ಯತ್ಯಾಸ ಶೇ 1.5 ಅಷ್ಟೇ. 235/75ಕ್ಕೆ ಆಸೆಪಟ್ಟರೆ ಶೇ 6ರ ಹತ್ತಿರ ಹೋಗುತ್ತದೆ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬಂಪರ್ ಅಂಚಿಗೆ ಉಜ್ಜುವ ಸಾಧ್ಯತೆಯೂ ಉಂಟು.

ಎಟಿ ಡಾಂಬರಿನಲ್ಲಿ ಸದ್ದು ಕಡಿಮೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ. ಜಲ್ಲಿ, ಬಂಡೆಗೂ ಸಾಕು. ಸೋಲುವುದು ಸಕಲೇಶಪುರದ ಕಡೆಯ ಜುಲೈ ಕೆಸರಿನಲ್ಲಿ: ಕೆಂಪು ಜೇಡಿ ಟೈರಿನ ಸೀಳುಗಳಲ್ಲಿ ತುಂಬಿಕೊಂಡು ಟೈರು ಬೋಳಾದಂತೆ ಜಾರುತ್ತದೆ. ಎಂಟಿಯ ಮೈಮೇಲಿನ ರಬ್ಬರ್ ಕಟ್ಟೆಗಳ ನಡುವೆ ಅಂತರ ದೊಡ್ಡದು. ಚಕ್ರ ತುಸು ಜೋರಾಗಿ ತಿರುಗಿದರೆ ಮಣ್ಣು ತಾನೇ ಸಿಡಿದು ಹೋಗುತ್ತದೆ. ಆದರೆ ಹೆದ್ದಾರಿಯಲ್ಲಿ ಗುಂಯ್‌ಗುಡುತ್ತದೆ, ಮೈಲೇಜೂ ಇಳಿಯುತ್ತದೆ.

ವಾರವೆಲ್ಲ ಊರಲ್ಲೇ ಓಡಿಸುವವರಿಗೆ ಎಟಿಯೇ ಸರಿ. ಎಂಟಿ ತೋಟದೊಳಗೇ ಇರುವ ಗಾಡಿಗೆ. ಎಟಿ ಹಾಕಿಸಿ ಉಳಿದ ದುಡ್ಡಲ್ಲಿ ಒಳ್ಳೆಯ 12 ವೋಲ್ಟ್ ಕಂಪ್ರೆಸರ್ ಕೊಳ್ಳಿ: ಕೆಸರಿಗೆ ಇಳಿಯುವ ಮೊದಲು ಗಾಳಿ 18 ಪಿಎಸ್‌ಐಗೆ ಇಳಿಸಿ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಬಹುದು. ಡಾಂಬರಿಗೆ ಬಂದ ಕೂಡಲೇ ತುಂಬಿ.

ಸ್ಟೆಪ್ನಿಯನ್ನೂ ಅದೇ ಅಳತೆಗೆ ಬದಲಿಸಿ. ನಟ್ಟುಗಳನ್ನು 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ.