ಒಂದು ಗೇಣು ಆಳ, ಎರಡು ಕಿವಿ: ನೊಕ್ಟಾ ಸಿಂಪ್ಲೆಕ್ಸ್ ಪ್ಲಸ್ ಡಿಟೆಕ್ಟರ್ ಬಗ್ಗೆ

ಮೆಟಲ್ ಡಿಟೆಕ್ಟರ್ ಕೊಳ್ಳಬೇಕು ಎನ್ನುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಆಳ ಹೋಗುತ್ತೆ?" ಒಂದು ಗೇಣು ಹೋಗುತ್ತದೆ. ನಾಣ್ಯದಷ್ಟು ಚಿಕ್ಕ ವಸ್ತು ಅದಕ್ಕಿಂತ ಕೆಳಗೆ ಇದ್ದು ಸಿಕ್ಕಿದರೆ ನಿಮ್ಮ ಅದೃಷ್ಟ. ಇದಕ್ಕಿಂತ ದೊಡ್ಡ ಅಂಕಿ ಹೇಳುವವರು ಒಂದೋ ಮಾರುವವರು, ಇಲ್ಲ ಕಬ್ಬಿಣದ ಗುಳ ಅಗೆದು ತೆಗೆದವರು.

ನಾನು ತಿಪಟೂರಿನ ಕಡೆಯವಳು. ಈಗಿರುವುದು ಇಂಗ್ಲೆಂಡಿನ ನಾರ್ವಿಚ್‌ನಲ್ಲಿ. ವಾರವೆಲ್ಲ ಆಸ್ಪತ್ರೆಯ ಫಾರ್ಮಸಿಯಲ್ಲಿ ಮಾತ್ರೆ ಎಣಿಸಿ, ರಜೆ ಸಿಕ್ಕಾಗ ನಾರ್ಫೋಕ್‌ನ ಹೊಲಗಳಲ್ಲಿ ಈ ಯಂತ್ರ ಆಡಿಸಿಕೊಂಡು ತಿರುಗುತ್ತೇನೆ. ಇದರ ಪೂರ್ತಿ ಹೆಸರು ನೊಕ್ಟಾ ಮಾಕ್ರೋ ಸಿಂಪ್ಲೆಕ್ಸ್ ಪ್ಲಸ್. ಟರ್ಕಿಯ ಇಸ್ತಾಂಬುಲ್‌ನ ಕಂಪನಿಯದು, ಬಂದದ್ದು 2019ರಲ್ಲಿ. ಆಗ ಇಲ್ಲಿ 200 ಚಿಲ್ಲರೆ ಪೌಂಡ್ ಇತ್ತು. ಈಗ ಅದೇ ಸಾಲಿನಲ್ಲಿ ಲೈಟ್, ಬಿಟಿ, ಅಲ್ಟ್ರಾ ಅಂತ ತಮ್ಮಂದಿರು ಬಂದಿದ್ದಾರೆ. ಹಾಗಾಗಿ ಹಳೆಯದು ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯ ಬೆಲೆಗೆ ಸಿಗುತ್ತದೆ. ನಾನು ಕೊಂಡದ್ದೂ ಹಾಗೆಯೇ.

ತೂಕ 1.3 ಕೆಜಿ. ಕೈಗೆ ಎತ್ತಿಕೊಂಡಾಗ ಏನೂ ಅನ್ನಿಸುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಲಭುಜ ಮಾತಾಡಲು ಶುರು ಮಾಡುತ್ತದೆ. ಕೋಲು ಒಂದರೊಳಗೊಂದು ಜಾರಿ ಮಡಚಿಕೊಳ್ಳುವುದರಿಂದ ಕಾರಿನ ಡಿಕ್ಕಿಯಲ್ಲಿ ಮಗಳ ಸೈಕಲ್ ಪಕ್ಕ ಆರಾಮಾಗಿ ಹಿಡಿಸುತ್ತದೆ. ತುದಿಯಲ್ಲಿ 11 ಇಂಚಿನ ಕಾಯಿಲ್, ಅಂದರೆ ನೆಲದ ಮೇಲೆ ಆಡಿಸುವ ತಟ್ಟೆ. 3 ಮೀಟರ್ ನೀರಿನ ತನಕ ಇಡೀ ಯಂತ್ರಕ್ಕೆ ಏನೂ ಆಗುವುದಿಲ್ಲ. ಈ ಊರಿನ ಮಳೆಗೆ ಇದು ದೊಡ್ಡ ಮಾತು. ಬ್ಯಾಟರಿ ಒಳಗೇ ಇದೆ, ಯುಎಸ್‌ಬಿಯಲ್ಲಿ ಚಾರ್ಜ್ ಮಾಡಬೇಕು. ರಾತ್ರಿ ಹಾಕಿಟ್ಟರೆ ಮಾರನೇ ದಿನ ಪೂರ್ತಿ ಬರುತ್ತದೆ. ಆದರೆ ಹೊಲದ ನಡುವೆ ಚಾರ್ಜ್ ಮುಗಿದರೆ ಅಂಗಡಿಯಿಂದ ಸೆಲ್ ತಂದು ಹಾಕುತ್ತೇನೆ ಎನ್ನುವ ಹಾಗಿಲ್ಲ. ಜೇಬಿನಲ್ಲಿ ಪವರ್ ಬ್ಯಾಂಕ್ ಇರಲಿ. ನಿಮ್ಮ ಹತ್ತಿರ ಈಗಾಗಲೇ ಇರುವ ಬ್ಲೂಟೂತ್ ಇಯರ್‌ಫೋನ್ ಇದಕ್ಕೆ ಕೂಡುವುದಿಲ್ಲ, ಅದರದ್ದೇ ವೈರ್‌ಲೆಸ್ ಹೆಡ್‌ಫೋನ್ ಬೇಕು. ಇದು ನನಗೆ ಇಷ್ಟವಾಗದ ವಿಷಯ.

ಇನ್ನು ಅಸಲು ಕೆಲಸ. ಕಾಯಿಲ್ ನೆಲದೊಳಕ್ಕೆ ಆಯಸ್ಕಾಂತದ ಅಲೆ ಬಿಡುತ್ತದೆ. ಅದು ತಾಗಿದ ಲೋಹದಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಅದರ ಮರುದನಿಯನ್ನು ಯಂತ್ರ ಹಿಡಿದು, ಒಂದು ಸದ್ದು ಮಾಡಿ, ತೆರೆಯ ಮೇಲೆ 0ಯಿಂದ 99ರ ನಡುವೆ ಒಂದು ಅಂಕಿ ತೋರಿಸುತ್ತದೆ. ಕೆಳಗಿನ ಅಂಕಿ ಕಬ್ಬಿಣ, ಮೇಲಿನದು ತಾಮ್ರ, ಬೆಳ್ಳಿ. ನಡುವಿನದು ದೊಡ್ಡ ತಲೆನೋವು. ಅಲ್ಲಿ ಚಿನ್ನದ ಉಂಗುರವೂ ಬರುತ್ತದೆ, ಕೋಕ್ ಡಬ್ಬಿಯನ್ನು ಎಳೆದು ತೆರೆಯುವ ಕಿವಿಯೂ ಬರುತ್ತದೆ, ಎರಡೂ ಒಂದೇ ಮನೆಯ ಮಕ್ಕಳ ಹಾಗೆ. ಸಾವಿರ ಪೌಂಡಿನ ಯಂತ್ರಕ್ಕೂ ಈ ಕಷ್ಟ ಇದ್ದೇ ಇದೆ. ಡಬ್ಬಿಯ ಕಿವಿ ಬೇಡ ಅಂತ ಆ ಅಂಕಿಗಳಿಗೆ ಯಂತ್ರ ಸದ್ದು ಮಾಡದ ಹಾಗೆ ಮುಚ್ಚಿಟ್ಟರೆ ಚಿನ್ನವೂ ಹೋಯಿತು ಅಂತಲೇ ಲೆಕ್ಕ.

ಹೊಸಬರು ಅಂಕಿ ನೋಡುತ್ತಾರೆ. ನೋಡಬೇಡಿ, ಕೇಳಿ. ಕಬ್ಬಿಣಕ್ಕೆ ಗೊಗ್ಗರು ದನಿ. ಒಳ್ಳೆಯ ಲೋಹಕ್ಕೆ ಎರಡೂ ಕಡೆಯಿಂದ ಆಡಿಸಿದರೂ ಒಂದೇ ತರಹದ ದುಂಡಗಿನ ದನಿ. ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಒಡೆದುಹೋದರೆ ಅನುಮಾನ ಪಡಿ. ತುಕ್ಕು ಹಿಡಿದ ದೊಡ್ಡ ಕಬ್ಬಿಣ ಬೆಳ್ಳಿಯ ಅಂಕಿ ತೋರಿಸಿ ಮೋಸ ಮಾಡುವುದುಂಟು. ಆಗ ಅಂಕಿ ಕುಣಿಯುತ್ತದೆ, ದನಿಯ ಅಂಚು ಹರಿದಿರುತ್ತದೆ. ಸಿಂಪ್ಲೆಕ್ಸ್‌ನ ದನಿ ಈ ವ್ಯತ್ಯಾಸವನ್ನು ಚೆನ್ನಾಗಿ ಬಿಡಿಸಿ ಹೇಳುತ್ತದೆ. ನನಗೆ ಈ ಯಂತ್ರ ಇಷ್ಟವಾಗಲು ಮುಖ್ಯ ಕಾರಣ ಇದೇ. ಬಟನ್ ಕಡಿಮೆ, ಮೆನು ಕಡಿಮೆ. ಹಾಗಾಗಿ ಕಿವಿಗೆ ಜಾಸ್ತಿ ಕೆಲಸ, ಕಿವಿ ಬೇಗ ಕಲಿಯುತ್ತದೆ.

ಅಭ್ಯಾಸಕ್ಕೆ ಇಲ್ಲಿನ ಚಿಲ್ಲರೆ ಕಾಸಿಗಿಂತ ಒಳ್ಳೆಯ ಮೇಷ್ಟ್ರಿಲ್ಲ. 1992ರ ತನಕ ಒಂದು ಪೆನ್ನಿ ಕಂಚಿನದು. ಆಮೇಲೆ ಬಂದದ್ದು ಉಕ್ಕಿಗೆ ತಾಮ್ರದ ಲೇಪ. ನೋಡಲು ಎರಡೂ ಒಂದೇ. ಹಿತ್ತಲಿನ ಹುಲ್ಲಿನ ಮೇಲೆ ಪಕ್ಕ ಪಕ್ಕ ಇಟ್ಟು ಕಾಯಿಲ್ ಆಡಿಸಿ ನೋಡಿ. ಹಳೆಯದು ಗಂಟೆಯಂತೆ ಮಾತಾಡುತ್ತದೆ, ಹೊಸದು ಮೊಳೆಯ ದನಿಯಲ್ಲಿ ಗೊಣಗುತ್ತದೆ. ನನ್ನ ಮಗಳು ಕಣ್ಣು ಮುಚ್ಚಿಕೊಂಡು ಯಾವ ಪೆನ್ನಿ ಯಾವುದು ಅಂತ ಹೇಳುತ್ತಾಳೆ.

ಎಲ್ಲಿ ಸೋಲುತ್ತದೆ ಅಂತಲೂ ಹೇಳಬೇಕಲ್ವಾ. ಸಮುದ್ರದ ಒದ್ದೆ ಮರಳಿನಲ್ಲಿ. ಈ ಯಂತ್ರ ಕೆಲಸ ಮಾಡುವುದು 12 ಕಿಲೋಹರ್ಟ್ಜ್ ಎನ್ನುವ ಒಂದೇ ಒಂದು ಅಲೆಯಲ್ಲಿ. ಉಪ್ಪುನೀರು ತಾನೇ ಕರೆಂಟ್ ಹರಿಸುವ ವಸ್ತು. ಒದ್ದೆ ಮರಳಿನ ಮೇಲೆ ಕಾಯಿಲ್ ಇಟ್ಟರೆ ನೆಲವೇ ಲೋಹ ಇದ್ದ ಹಾಗೆ ಕಿರುಚುತ್ತದೆ. ಬೀಚ್ ಮೋಡ್ ಹಾಕಿ, ಸೆನ್ಸಿಟಿವಿಟಿ ಇಳಿಸಿದರೆ ಸುಮ್ಮನಾಗುತ್ತದೆ, ಆದರೆ ಗೇಣು ಹೋಗಿ ನಾಲ್ಕು ಬೆರಳಾಗುತ್ತದೆ. ಗ್ರೇಟ್ ಯಾರ್ಮತ್‌ನ ಒಣ ಮರಳಿಗೆ ಏನೂ ತೊಂದರೆಯಿಲ್ಲ. ಅಲ್ಲಿ ಬೇಸಿಗೆ ಜನ ಬೀಳಿಸಿಹೋದ ಚಿಲ್ಲರೆ, ಬಾಟಲಿ ಮುಚ್ಚಳ, 2017ರಲ್ಲಿ ಚಲಾವಣೆ ನಿಂತ ದುಂಡನೆಯ ಪೌಂಡ್ ಎಲ್ಲ ಸಿಗುತ್ತವೆ. ನೀರಿನ ಅಂಚಿನಲ್ಲೇ ನಡೆಯುವ ಆಸೆ ನಿಮ್ಮದಾದರೆ ಹಲವು ಅಲೆಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಯಂತ್ರಕ್ಕೆ ದುಡ್ಡು ಕೂಡಿಡಿ. ಇದನ್ನು ಕೊಂಡು ಬೈಯಬೇಡಿ.

ಹೊಲಕ್ಕಾದರೆ ಇದು ಸಾಕು. ನಾರ್ಫೋಕ್‌ನಲ್ಲಿ ಗೋಧಿ ಕೊಯ್ಲಾಗುವುದು ಆಗಸ್ಟ್ ಹೊತ್ತಿಗೆ. ಕೊಯ್ಲು ಮುಗಿದು ಮುಂದಿನ ಬಿತ್ತನೆಗೆ ಮುಂಚೆ ರೈತ ಒಳಗೆ ಬಿಡುತ್ತಾನೆ. ಕೂಳೆ ಉದ್ದ ಇದ್ದರೆ ಕಾಯಿಲ್ ನೆಲಕ್ಕೆ ತಾಗುವುದೇ ಇಲ್ಲ, ಒಂದು ಗೇಣಿನಲ್ಲಿ ಅರ್ಧ ಅಲ್ಲೇ ಹೋಯಿತು. ಉತ್ತು ಹೆಂಟೆ ಒಡೆದ ಮೇಲೆ ಹೋಗುವುದೇ ವಾಸಿ. ಉಳುಮೆ ಪ್ರತಿ ವರ್ಷ ಕೆಳಗಿನದನ್ನು ಮೇಲೆ ತರುತ್ತದೆ, ಮೇಲಿನದನ್ನು ಕೆಳಗೆ ಹಾಕುತ್ತದೆ. ಹೋದ ವರ್ಷ ಏನೂ ಸಿಗದ ಹೊಲದಲ್ಲಿ ಈ ವರ್ಷ ಸಿಗುವುದು ಅದಕ್ಕೇ.

ಅಂಥದೇ ಒಂದು ಹೊಲದಲ್ಲಿ, ಬೇಲಿಯ ಹತ್ತಿರ, ದೊಡ್ಡ ದುಂಡು ದನಿ ಬಂತು. ಸಲಿಕೆಯಲ್ಲಿ ಮೂರು ಕಡೆ ಕತ್ತರಿಸಿ ಮಣ್ಣನ್ನು ಮುಚ್ಚಳದ ಹಾಗೆ ಮಗುಚಿದೆ. ಪಿನ್‌ಪಾಯಿಂಟರ್ ಎಂಬ ಕೈಡಿಟೆಕ್ಟರ್ ಗುಂಡಿಯ ಗೋಡೆಗೆ ಗುರ್ ಎಂದಿತು. ಬೆರಳಲ್ಲಿ ಕೆದಕಿದರೆ ಹಸಿರು ಬಣ್ಣದ ದುಂಡನೆಯ ವಸ್ತು, ನಿಂಬೆಹಣ್ಣಿನ ಗಾತ್ರ. ಮೇಲೆ ಚಪ್ಪಟೆ ಕೊಂಡಿ, ಅಡಿಗೆ ಒಂದು ಸೀಳು, ಮೇಲಿನ ಅರ್ಧದಲ್ಲಿ ಎರಡು ತೂತು. ಒಳಗೆ ಜೇಡಿಮಣ್ಣು ಕಟ್ಟಿಕೊಂಡಿತ್ತು. ಕಡ್ಡಿಯಿಂದ ಸ್ವಲ್ಪ ಬಿಡಿಸಿ ಅಲ್ಲಾಡಿಸಿದೆ. ಒಳಗಿನ ಕಬ್ಬಿಣದ ಗುಂಡು ಕಳಕ್ ಎಂದಿತು. ಗಗ್ಗರ! ನಮ್ಮ ತಾತನ ಎತ್ತುಗಳ ಕೊರಳಿನಲ್ಲಿ ಇದ್ದಂಥದ್ದೇ. ಇಲ್ಲಿ ಇದನ್ನು ಕ್ರೋಟಲ್ ಬೆಲ್ ಎನ್ನುತ್ತಾರೆ, ಕುರಿ, ದನ, ಗಾಡಿ ಕುದುರೆಗಳಿಗೆ ಕಟ್ಟುತ್ತಿದ್ದರು. ಅಡಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಎರಕದಲ್ಲೇ ಮೂಡಿದ್ದವು: ಆರ್, ಡಬ್ಲ್ಯೂ. ವಿಲ್ಟ್‌ಶೈರ್‌ನ ಆಲ್ಡ್‌ಬೋರ್ನ್ ಎಂಬ ಹಳ್ಳಿಯಲ್ಲಿ 18ನೇ ಶತಮಾನದಲ್ಲಿ ಗಂಟೆ ಎರಕ ಹೊಯ್ಯುತ್ತಿದ್ದ ರಾಬರ್ಟ್ ವೆಲ್ಸ್ ಅವರ ಗುರುತು ಅದು. ರೈತನಿಗೆ ತೋರಿಸಿದೆ. "ಈ ಹೊಲದಲ್ಲಿ ಕುದುರೆ ಉತ್ತಿದ್ದು ನಮ್ಮ ತಾತನ ಕಾಲಕ್ಕೇ ಕೊನೆ," ಎಂದ. ಗಗ್ಗರ ಈಗ ಅವನ ಅಡುಗೆಮನೆಯ ಕಿಟಕಿಯಲ್ಲಿದೆ. ಸಿಕ್ಕಿದ್ದನ್ನು ಹೇಗೆ ಹಂಚಿಕೊಳ್ಳಬೇಕು ಎಂದು ಮೊದಲೇ ಕಾಗದದಲ್ಲಿ ಬರೆದುಕೊಂಡಿದ್ದೇವೆ. ನೀವೂ ಬರೆದುಕೊಳ್ಳಿ.

ಪಿನ್‌ಪಾಯಿಂಟರ್ ಮಾತು ಬಂತಲ್ಲ, ಯಂತ್ರದಲ್ಲಿ ಉಳಿಸಿದ ದುಡ್ಡನ್ನು ಹಾಕಬೇಕಾದ್ದು ಅಲ್ಲಿ. ಕೈಯಲ್ಲಿ ಹಿಡಿಯುವ, ಕ್ಯಾರೆಟ್ ಉದ್ದದ ಚಿಕ್ಕ ಡಿಟೆಕ್ಟರ್ ಅದು. ನನ್ನದು ಅಮೆರಿಕದ ಗ್ಯಾರೆಟ್ ಕಂಪನಿಯ ಕಿತ್ತಳೆ ಬಣ್ಣದ ಪ್ರೋ ಪಾಯಿಂಟರ್ ಎಟಿ, 9 ವೋಲ್ಟ್ ಸೆಲ್‌ನದು. ಹುಲ್ಲಿನಲ್ಲಿ ಕೈಬಿಟ್ಟರೂ ಬಣ್ಣ ಕಾಣುತ್ತದೆ. ಇದಿಲ್ಲದಿದ್ದರೆ ಕಾಲು ಗಂಟೆ ಮಣ್ಣು ಹಿಸುಕುತ್ತಾ ಕೂರಬೇಕು. ಸಲಿಕೆಯೂ ಗಟ್ಟಿಯಾದದ್ದೇ ಇರಲಿ, ಮಡಚುವ ಕ್ಯಾಂಪಿಂಗ್ ಸಲಿಕೆ ನಾರ್ಫೋಕ್‌ನ ಕಲ್ಲಿಗೆ ತಡೆಯುವುದಿಲ್ಲ.

ಆಮೇಲೆ ವಿಮೆ. ಇಲ್ಲಿನ ನ್ಯಾಷನಲ್ ಕೌನ್ಸಿಲ್ ಫಾರ್ ಮೆಟಲ್ ಡಿಟೆಕ್ಟಿಂಗ್ ಸದಸ್ಯರಾದರೆ ಅದೂ ಜೊತೆಗೇ ಸಿಗುತ್ತದೆ. ರೈತರು ಆ ಸದಸ್ಯತ್ವದ ಕಾರ್ಡ್ ಕೇಳುತ್ತಾರೆ. ಯಾರ ಜಮೀನೇ ಆಗಲಿ ಒಪ್ಪಿಗೆ ಇಲ್ಲದೆ ಕಾಲಿಡುವ ಹಾಗಿಲ್ಲ. ಸರ್ಕಾರ ಕಾಪಾಡಿರುವ ಹಳೆಯ ಜಾಗಗಳಲ್ಲಿ ಅನುಮತಿಯಿಲ್ಲದೆ ಯಂತ್ರ ಆಡಿಸುವುದು 1979ರ ಕಾಯ್ದೆಯಂತೆ ಅಪರಾಧ. 1996ರ ಟ್ರೆಷರ್ ಆ್ಯಕ್ಟ್ ಪ್ರಕಾರ, 300 ವರ್ಷಕ್ಕಿಂತ ಹಳೆಯ ಬೆಳ್ಳಿ, ಚಿನ್ನದ ಒಡವೆ ವಸ್ತು ಸಿಕ್ಕರೆ 14 ದಿನದೊಳಗೆ ಕರೋನರ್‌ಗೆ ತಿಳಿಸಬೇಕು. ಅನುಮಾನದ ಸಾವಿನ ವಿಚಾರಣೆ ಮಾಡುವುದೂ ಇದೇ ಅಧಿಕಾರಿ, ನಿಧಿಯ ವಿಚಾರಣೆ ಮಾಡುವುದೂ ಇದೇ ಅಧಿಕಾರಿ! ಮ್ಯೂಸಿಯಂ ತೆಗೆದುಕೊಂಡರೆ ಬಹುಮಾನದ ಹಣ ಸಾಮಾನ್ಯವಾಗಿ ಹುಡುಕಿದವರಿಗೆ ಅರ್ಧ, ಜಮೀನಿನವರಿಗೆ ಅರ್ಧ.

ಹಾಕ್ಸ್‌ನ್ ಎಂಬ ಹಳ್ಳಿ ಇಲ್ಲಿಂದ ದೂರವೇನಿಲ್ಲ, ಪಕ್ಕದ ಸಫೋಕ್‌ನಲ್ಲಿದೆ. 1992ರ ನವೆಂಬರಿನಲ್ಲಿ ಅಲ್ಲಿನ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಹುಡುಕಿಕೊಡು ಎಂದು ಡಿಟೆಕ್ಟರ್ ಇದ್ದ ಗೆಳೆಯ ಎರಿಕ್ ಲಾಸ್ ಅವರನ್ನು ಕರೆದ. ಸಿಕ್ಕಿದ್ದು ಸುಮಾರು 15 ಸಾವಿರ ರೋಮನ್ ನಾಣ್ಯ, ಜೊತೆಗೆ ಚಿನ್ನದ ಒಡವೆ, ಬೆಳ್ಳಿ ಚಮಚ. ಲಾಸ್ ಪೂರ್ತಿ ಅಗೆಯದೆ ಅಲ್ಲಿಗೇ ನಿಲ್ಲಿಸಿ ಅಧಿಕಾರಿಗಳಿಗೆ ಹೇಳಿದರು. ಅದಕ್ಕೇ ಯಾವ ವಸ್ತು ಹೂತಿಟ್ಟ ಪೆಟ್ಟಿಗೆಯಲ್ಲಿ ಎಲ್ಲಿತ್ತು ಅಂತ ಗೊತ್ತಾಗುವ ಹಾಗೆ ತಜ್ಞರು ತೆಗೆಯಲು ಆಯಿತು. ಸುತ್ತಿಗೆಯೂ ಸಿಕ್ಕಿತು. ಅದೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ನನಗೆ ಅಂಥದ್ದೇನೂ ಸಿಕ್ಕಿಲ್ಲ. ಅಂಗಿಯ ಗುಂಡಿ, ಬಕಲ್, ಬಂದೂಕಿನ ಸೀಸದ ಗುಂಡು, ಹೊಲಿಗೆಯ ಬೆರಳುಟೋಪಿ. ಮತ್ತೆ ಕಿರುಬೆರಳಿನ ಉಗುರಿನಷ್ಟು ಒಂದು ರೋಮನ್ ಕಂಚಿನ ನಾಣ್ಯ, ಕ್ರಿ.ಶ. 4ನೇ ಶತಮಾನದ್ದು. ಒಂಟಿ ಕಂಚಿನ ನಾಣ್ಯ ಕಾನೂನಿನ ಲೆಕ್ಕದಲ್ಲಿ ನಿಧಿ ಅಲ್ಲ. ಆದರೂ ಜನರಿಗೆ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್‌ನ ನಮ್ಮ ಜಿಲ್ಲೆಯ ಅಧಿಕಾರಿಗೆ ಕೊಟ್ಟೆ. ಈ ಸೇವೆಗೆ ನಾನು ಡಿಟೆಕ್ಟರ್‌ಗಿಂತ ಒಂದು ಸ್ಟಾರ್ ಜಾಸ್ತಿ ಕೊಡುತ್ತೇನೆ. ಒಂದು ಪೆನ್ನಿ ಖರ್ಚಿಲ್ಲ. ನೋಡಿ, ತೂಗಿ, ಫೋಟೋ ತೆಗೆದು, ಯಾವ ಕಾಲದ್ದು ಎಂದು ಬರೆದು, ನಂಬರ್ ಹಾಕಿ ವಾಪಸ್ ಕೊಡುತ್ತಾರೆ. ದಾಖಲೆ ಎಲ್ಲರೂ ಆನ್‌ಲೈನ್‌ನಲ್ಲಿ ನೋಡಬಹುದು, ಆದರೆ ಸಿಕ್ಕ ಜಾಗದ ಸರಿಯಾದ ಗುರುತು ಸಾರ್ವಜನಿಕರಿಗೆ ಕಾಣುವುದಿಲ್ಲ. ತಾಳ್ಮೆ ಮಾತ್ರ ಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ.

ನಾಣ್ಯ ಮನೆಯಲ್ಲಿದ್ದಾಗ ಅತ್ತೆ ಬಂದಿದ್ದರು. "ಏನಮ್ಮ ಇದು, ಇಷ್ಟು ಕಿಲುಬು ಹಿಡಿದಿದೆ? ಹುಣಸೆಹಣ್ಣು ಹಾಕಿ ತಿಕ್ಕಿದ್ರೆ ಫಳಫಳ ಅನ್ನುತ್ತೆ," ಅಂತ ಬಟ್ಟಲಲ್ಲಿ ನೆನೆಸಿಕೊಂಡೇ ಬಂದರು. "ಅತ್ತೆ, ಆ ಹಸಿರು ಪದರದಲ್ಲೇ ರಾಜನ ಮುಖ ಇರೋದು, ಅದು ಹೋದ್ರೆ ಮುಖನೂ ಹೋಗುತ್ತೆ," ಎಂದೆ. ನಂಬಲಿಲ್ಲ. ನೆನೆಸಿದ ಹುಣಸೆಹಣ್ಣು ಆ ರಾತ್ರಿ ಸಾರಿಗೆ ಹೋಯಿತು. ಮೆತ್ತಗಿನ ಒಣ ಬ್ರಶ್ಶಿನಲ್ಲಿ ಮಣ್ಣು ಉದುರಿಸುವುದಕ್ಕಿಂತ ಜಾಸ್ತಿ ಏನೂ ಮಾಡಬೇಡಿ.

ಊರಿನಿಂದ ಬರುವ ಪ್ರಶ್ನೆ ಇನ್ನೊಂದಿದೆ: "ಬರುವಾಗ ಒಂದು ತಂದುಕೊಡ್ತೀಯಾ?" ಇಲ್ಲ. ಅಮ್ಮನ ಪ್ರಕಾರ ನಿಧಿಯನ್ನು ಸರ್ಪ ಕಾಯುತ್ತದೆ, ಅದಕ್ಕೆ ಬೇಡ. ನನ್ನ ಕಾರಣ ಬೇರೆ. ಭಾರತದ 1878ರ ನಿಧಿ ಕಾಯ್ದೆಯಲ್ಲಿ ನೆಲದಲ್ಲಿ ಸಿಕ್ಕ ವಸ್ತುವಿನ ಬೆಲೆ ಹತ್ತು ರೂಪಾಯಿ ದಾಟಿದರೆ ಕಲೆಕ್ಟರ್‌ಗೆ ತಿಳಿಸಲೇಬೇಕು. ಇಲ್ಲಿಯ ಹಾಗೆ ಹವ್ಯಾಸದವರಿಂದ ಹಿಡಿದು ದಾಖಲಿಸಿ ವಾಪಸ್ ಕೊಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಇರುವವರು ನಿಧಿಗಳ್ಳರು. 2019ರ ಜುಲೈನಲ್ಲಿ ಆನೆಗೊಂದಿಯ ನವವೃಂದಾವನದಲ್ಲಿ ವ್ಯಾಸರಾಜರ ವೃಂದಾವನವನ್ನೇ ಕೆಡವಿ ಹಾಕಿದ್ದು ಇದೇ ಆಸೆಗೆ. ಅಂಥವರ ಕೈಗೆ ಇನ್ನೊಂದು ಯಂತ್ರ ಸೇರುವುದು ನನಗೆ ಬೇಕಿಲ್ಲ.

ಇಲ್ಲಿರುವವರು ಸೆಕೆಂಡ್ ಹ್ಯಾಂಡ್ ಸಿಂಪ್ಲೆಕ್ಸ್ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಮೊಳೆ, 1992ಕ್ಕಿಂತ ಹಳೆಯ ಪೆನ್ನಿ, ಡಬ್ಬಿಯ ಒಂದು ಕಿವಿ ಇಟ್ಟುಕೊಳ್ಳಿ. ಮನೆಯೊಳಗೆ ನೋಡಬೇಡಿ, ನೆಲದ ಕಬ್ಬಿಣ, ಟಿವಿ, ವೈಫೈ ಸೇರಿ ಯಂತ್ರ ತಲೆಕೆಟ್ಟ ಹಾಗೆ ಕೂಗುತ್ತದೆ. ಹಿತ್ತಲಿಗೆ ಒಯ್ದು ಮೂರನ್ನೂ ಹುಲ್ಲಿನ ಮೇಲೆ ಹಾಕಿ ಕೇಳಿ. ಕೊನೆಗೆ ಕಾಯಿಲ್‌ಗೆ ವೈರ್ ಸೇರುವ ಜಾಗವನ್ನು ಬೆರಳಲ್ಲಿ ಮೆಲ್ಲಗೆ ಅಲುಗಾಡಿಸಿ. ಆಗ ಸುಮ್ನೆ ಸುಮ್ನೆ ಸದ್ದು ಬಂದರೆ ದುಡ್ಡು ಜೇಬಿನಿಂದ ತೆಗೆಯಬೇಡಿ.