ಅಲ್ಟ್ರಾಸೌಂಡ್ ಸ್ಪೀಕರ್: ಸೋಬಾನೆಗೆ ಸೈ, ಡೊಳ್ಳಿಗೆ ಬೇಡ

ನಮ್ಮ ಪುಟ್ಟ ಜಾನಪದ ಸಂಗ್ರಹಾಲಯಕ್ಕೆ ಇರುವುದು ಒಂದೇ ಹಾಲ್. ಒಂದು ಮೂಲೆಯಲ್ಲಿ ಅಜ್ಜಿಯರು ಹಾಡಿದ ಸೋಬಾನೆ ಪದ, ಇನ್ನೊಂದು ಮೂಲೆಯಲ್ಲಿ ಡೊಳ್ಳು ಕುಣಿತದ ವಿಡಿಯೊ. ಮಾಮೂಲಿ ಸ್ಪೀಕರ್ ಇದ್ದಾಗ ಎರಡೂ ಕಲಸಿಹೋಗುತ್ತಿದ್ದವು. ಹೆಡ್‌ಫೋನ್ ಇಟ್ಟರೆ ವಯಸ್ಸಾದವರು ಮುಟ್ಟುತ್ತಲೇ ಇರಲಿಲ್ಲ. ಅದಕ್ಕೇ ಕೆಲ ವರ್ಷದ ಹಿಂದೆ ಅಲ್ಟ್ರಾಸೌಂಡ್ ಸ್ಪೀಕರ್ ಹಾಕಿಸಿದೆವು.

ನೋಡಲು ತೆಳ್ಳನೆಯ ಹಲಗೆ, ಸೂರಿಗೆ ತೂಗುಹಾಕಿದ್ದೇವೆ. ಕೆಳಗೆ ನಿಂತರೆ ಅಜ್ಜಿಯ ದನಿ, ಉಸಿರೆಳೆದುಕೊಳ್ಳುವುದೂ ಸೇರಿ, ಸ್ಪಷ್ಟ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಹೆಚ್ಚೂಕಡಿಮೆ ಮಾಯ. ನನಗೆ ಇವತ್ತಿಗೂ ಅದು ಸೋಜಿಗವೇ.

ಸದ್ದಿನ ಅಲೆಗಿಂತ ಸ್ಪೀಕರ್ ಬಹಳ ದೊಡ್ಡದಿದ್ದರೆ ಸದ್ದು ಹರಡದೆ ನೇರ ಸಾಗುತ್ತದೆ. 1,000 ಹರ್ಟ್ಸ್ (ಸೆಕೆಂಡಿಗೆ 1,000 ಕಂಪನ) ಸದ್ದಿನ ಅಲೆ ಸುಮಾರು 34 ಸೆಂ.ಮೀ. ಉದ್ದ. 40,000 ಹರ್ಟ್ಸ್‌ನದು 1 ಸೆಂ.ಮೀ. ಕೂಡ ಇಲ್ಲ. ಹಾಗಾಗಿ ಹಾಡನ್ನು ನಮ್ಮ ಕಿವಿಗೆ ಬೀಳದ ಅಲ್ಟ್ರಾಸೌಂಡ್ ಮೇಲೆ ಹೊರಿಸಿ ಕಳಿಸುತ್ತಾರೆ. ಅದನ್ನು ಮತ್ತೆ ಕೇಳುವ ಸದ್ದಾಗಿಸುವುದು ದಾರಿಯಲ್ಲಿರುವ ಗಾಳಿಯೇ! ಅಮೆರಿಕದ ಭೌತವಿಜ್ಞಾನಿ ಪೀಟರ್ ವೆಸ್ಟರ್ವೆಲ್ಟ್ 1963ರಲ್ಲೇ ಇದರ ಲೆಕ್ಕ ಬರೆದಿದ್ದರು. 1983ರಲ್ಲಿ ಜಪಾನಿನ ಸಂಶೋಧಕರು ಇದೇ ತತ್ವದ ಸ್ಪೀಕರ್ ಮಾಡಿ ತೋರಿಸಿದರು.

ನಮ್ಮನ್ನು ಜಾಸ್ತಿ ಕಾಡಿದ್ದು ನೆಲ. ಗ್ರಾನೈಟ್‌ಗೆ ಬಡಿದ ಸದ್ದು ಪುಟಿದು ಹಾಲ್ ತುಂಬಾ ಹರಡುತ್ತಿತ್ತು. ಕೇಳುಗರು ನಿಲ್ಲುವ ಜಾಗಕ್ಕೆ ದಪ್ಪ ಜಮಖಾನೆ ಹಾಸಿದ ಮೇಲೆ ಎಷ್ಟೋ ವಾಸಿ. ಗಾಜಿನ ಕಪಾಟಿನ ಕಡೆ ವಾಲಿಸಿದರೆ ಗಾಜೇ ಹಾಡಿದ ಹಾಗೆ ಕೇಳುತ್ತದೆ. ಹಲಗೆಯನ್ನು ನೆಟ್ಟಗೆ ಕೆಳಮುಖವಾಗಿಯೇ ಕಟ್ಟಿಸಿ. ಮಕ್ಕಳು ಕಿವಿ ತಾಗಿಸದಷ್ಟು ಎತ್ತರದಲ್ಲಿರಲಿ. ಕೇಳಿಸದಿದ್ದರೂ ಅಲ್ಲಿ ಅಲ್ಟ್ರಾಸೌಂಡ್ ಜೋರಾಗಿಯೇ ಇರುತ್ತದೆ ಅಲ್ವಾ?

ಡೊಳ್ಳಿಗೆ ಮಾತ್ರ ಇದು ಆಗಿಬರಲಿಲ್ಲ. ಸ್ವರ ಒಂದೊಂದು ಸ್ಥಾಯಿ ಕೆಳಗಿಳಿದಂತೆ ಸದ್ದು ಸುಮಾರು 12 ಡೆಸಿಬಲ್ ಕುಗ್ಗುತ್ತದೆ. ಕೋಲಿನ ಟಕ್ ಟಕ್ ಉಳಿಯುತ್ತದೆ, ಎದೆ ನಡುಗಿಸುವ ಗುಡುಗು ಹೋಗಿಬಿಡುತ್ತದೆ. ಡೊಳ್ಳು ಬಾರಿಸುವವರೇ ಬಂದು ಕೇಳಿ ಬೇಜಾರು ಮಾಡಿಕೊಂಡರು. ಅವರ ಬೇಜಾರು ನ್ಯಾಯವಾದದ್ದೇ. ಗುಡುಗಿಲ್ಲದ ಡೊಳ್ಳನ್ನು ಜನರಿಗೆ ಕೇಳಿಸುವುದು ಆ ಕಲೆಗೆ ಮಾಡುವ ಅನ್ಯಾಯ. ಆ ವಿಡಿಯೊಗೆ ಈಗ ಹಳೆಯ ದೊಡ್ಡ ಸ್ಪೀಕರನ್ನೇ ಇಟ್ಟು, ಹೊತ್ತು ಗೊತ್ತು ಮಾಡಿ ಹಾಕುತ್ತೇವೆ.

ಬೆಲೆ ಮಾಮೂಲಿ ಸ್ಪೀಕರ್‌ಗಿಂತ ಎಷ್ಟೋ ಪಟ್ಟು ಹೆಚ್ಚು. ಮಾತು, ಕಥೆ, ಒಂಟಿ ದನಿಯ ಹಾಡಿಗಾದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಕೊಳ್ಳುವ ಮುಂಚೆ ನಿಮ್ಮದೇ ರೆಕಾರ್ಡಿಂಗನ್ನು ನಿಮ್ಮದೇ ಹಾಲ್‌ನಲ್ಲಿ ಹಾಕಿ ತೋರಿಸಲು ಅಂಗಡಿಯವರನ್ನು ಕೇಳಿ.