ಯಂತ್ರದ ಡಯಾಲಿಸಿಸ್, ಹೊಟ್ಟೆ ಡಯಾಲಿಸಿಸ್: ಎರಡನ್ನೂ ಕಂಡವಳ ಹೋಲಿಕೆ

ಎರಡೂ ಕಿಡ್ನಿ ಕೈಕೊಟ್ಟಾಗ ನನಗೆ 43 ವರ್ಷ. ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆ ಟೀಚರ್ ನಾನು. ಬಿ.ಪಿ. ಇತ್ತು, ಮಾತ್ರೆ ಸರಿಯಾಗಿ ತಗೊಂಡಿರಲಿಲ್ಲ. 2021ರ ಜೂನ್‌ನಿಂದ 16 ತಿಂಗಳು ಶಿವಮೊಗ್ಗದಲ್ಲಿ ಯಂತ್ರದ ಡಯಾಲಿಸಿಸ್ ಮಾಡಿಸಿಕೊಂಡೆ. ಆಮೇಲೆ ಮನೆಯಲ್ಲೇ ಹೊಟ್ಟೆ ಡಯಾಲಿಸಿಸ್. ಡಾಕ್ಟರು ಮೊದಲನೆಯದನ್ನು ಹೀಮೋಡಯಾಲಿಸಿಸ್ ಅನ್ನುತ್ತಾರೆ, ಎರಡನೆಯದನ್ನು ಸಿಎಪಿಡಿ. ಈ ಎರಡನೆಯದು ಅನ್ನೋದು ಇದೆ ಅಂತ ನನಗೆ ಗೊತ್ತಾಗಿದ್ದೇ ಒಂದು ವರ್ಷ ಕಳೆದ ಮೇಲೆ. ಅದೂ ಪಕ್ಕದ ಹಾಸಿಗೆಯವರ ಮಗಳು ಹೇಳಿದ್ದು. ಮೊದಲೇ ಯಾರಾದರೂ ಹೇಳಬೇಕಿತ್ತು ಅನ್ನೋ ಸಂಕಟ ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಂತ್ರದ ಡಯಾಲಿಸಿಸ್‌ನಲ್ಲಿ ರಕ್ತ ಹೊರಗೆ ಬಂದು, ಸೋಸಿಕೊಂಡು, ವಾಪಸ್ ಒಳಗೆ ಹೋಗುತ್ತದೆ. ಅದಕ್ಕೆ ಕೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸುತ್ತಾರೆ. ಅದೇ ಫಿಸ್ಟುಲಾ. ಬಲಗೈಯವರಿಗೆ ಸಾಮಾನ್ಯವಾಗಿ ಎಡಗೈಗೆ. ಅದು ಬಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಅಲ್ಲಿವರೆಗೆ ಕುತ್ತಿಗೆಯಲ್ಲಿ ಪೈಪು. ಫಿಸ್ಟುಲಾದ ಮೇಲೆ ಬೆರಳಿಟ್ಟರೆ ತೊಡೆ ಮೇಲೆ ಮಲಗಿದ ಬೆಕ್ಕು ಗುರುಗುಟ್ಟಿದ ಹಾಗೆ ನಡುಗುತ್ತದೆ. ಆ ನಡುಕ ದಿನಾ ನೋಡಿಕೊಳ್ಳಬೇಕು, ನಿಂತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಆ ಕೈಗೆ ಬಿ.ಪಿ. ಪಟ್ಟಿ ಕಟ್ಟಿಸುವ ಹಾಗಿಲ್ಲ, ರಕ್ತ ತೆಗೆಸುವ ಹಾಗಿಲ್ಲ, ಕೊಡಪಾನ ಎತ್ತುವ ಹಾಗಿಲ್ಲ.

ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಕೇಳಲು ಜಾಸ್ತಿ ಅನ್ನಿಸುವುದಿಲ್ಲ. ಆದರೆ ನಮ್ಮೂರಿಂದ ಶಿವಮೊಗ್ಗ ಅರವತ್ತು ಕಿಲೋಮೀಟರ್‌ಗಿಂತ ಹೆಚ್ಚು. ಐದೂವರೆ ಬಸ್ಸಿಗೆ ಹೊರಟರೆ ಮನೆ ಸೇರುವಾಗ ಸಂಜೆ. ಬಂದ ಮೇಲೆ ಮೈಯೆಲ್ಲ ಹಿಂಡಿ ಹಾಕಿದ ಬಟ್ಟೆ. ಮಾರನೇ ದಿನ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಜೀವ ಬರುತ್ತಿತ್ತು, ಅದರ ಮಾರನೇ ದಿನ ಮತ್ತೆ ಬಸ್ಸು.

ನೀರಿನ ಲೆಕ್ಕವೇ ನನಗೆ ತುಂಬಾ ಕಷ್ಟವಾಗಿದ್ದು. ಹಿಂದಿನ ದಿನ ಎಷ್ಟು ಮೂತ್ರ ಹೋಗಿದೆಯೋ ಅಷ್ಟು, ಜೊತೆಗೆ ಅರ್ಧ ಲೀಟರ್, ಅಷ್ಟೇ. ಸಾರು, ಮಜ್ಜಿಗೆ, ಕಾಫಿ ಎಲ್ಲ ಅದರಲ್ಲೇ. ನನ್ನದು ಸೋಮವಾರ, ಬುಧವಾರ, ಶುಕ್ರವಾರ. ಶನಿವಾರ, ಭಾನುವಾರ ಎರಡು ದಿನ ಪೂರ್ತಿ ಬಿಡುವು ಸಿಗುತ್ತದೆ ಅಂತ ಮೊದಮೊದಲು ಖುಷಿಪಟ್ಟೆ. ಆಮೇಲೆ ತಿಳಿಯಿತು, ದೇಹಕ್ಕೆ ಜಾಸ್ತಿ ಅಪಾಯ ಇರುವುದು ಆ ಉದ್ದದ ಬಿಡುವಿನಲ್ಲೇ ಅಂತ. 2022ರ ಜುಲೈಯಲ್ಲಿ ಒಂದು ಸೋಮವಾರ ರಸ್ತೆಗೆ ಮರ ಬಿದ್ದು ಬಸ್ಸೇ ಇಲ್ಲ. ಆ ರಾತ್ರಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಬೆಳಗಿನವರೆಗೆ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದೆ. ನಮ್ಮನೆಯವರು ಬೆನ್ನು ನೀವುತ್ತಾ ಪಕ್ಕದಲ್ಲೇ ಇದ್ದರು. ಮಂಗಳವಾರ ಹೋದಾಗ ನಾಲ್ಕು ಕೆ.ಜಿ. ನೀರು ತುಂಬಿತ್ತು. ಅಷ್ಟೂ ಒಂದೇ ಸಲ ತೆಗೆಯಲು ಹೋಗಿ ಬಿ.ಪಿ. ಇಳಿಯಿತು, ಎರಡೂ ಮೀನಖಂಡ ಹಿಡಿದುಕೊಂಡು ಕೂಗಿಬಿಟ್ಟೆ. ಬೇರೆ ದಾರಿ ಇದೆಯಾ ಅಂತ ಗಟ್ಟಿಯಾಗಿ ಕೇಳಿದ್ದು ಅವತ್ತು.

ಆದರೂ ಆ ವಾರ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಎಲ್ಲ ಕೆಲಸ ಅವರದ್ದೇ. ಸೂಜಿ ಚುಚ್ಚುವವರು ಅವರು, ಅಲಾರಾಂ ಹೊಡೆದರೆ ಓಡಿ ಬರುವವರು ಅವರು. ನಾವು ಮಲಗಿರುತ್ತೇವೆ. "ಅಕ್ಕಾ, ಇವತ್ತು ಎಷ್ಟು ತೆಗೀತಾರೆ?" ಅಂತ ಪಕ್ಕದ ಹುಡುಗ ಕೇಳುತ್ತಿದ್ದ. ಒಬ್ಬರು ಬರದಿದ್ದರೆ ಉಳಿದವರೆಲ್ಲ ಫೋನ್ ಮಾಡುತ್ತಿದ್ದೆವು. ಮನೆಯಲ್ಲಿ ಆ ಜೊತೆ ಸಿಗುವುದಿಲ್ಲ.

ಈಗ ಹೊಟ್ಟೆ ಡಯಾಲಿಸಿಸ್. ಇಲ್ಲಿ ರಕ್ತ ಹೊರಗೆ ಬರುವುದೇ ಇಲ್ಲ. ಕರುಳನ್ನು ಸುತ್ತಿಕೊಂಡಿರುವ ತೆಳುವಾದ ಪೊರೆಯೇ ಜರಡಿ. ಹೊಕ್ಕುಳ ಹತ್ತಿರ ಒಂದು ಮೆತ್ತನೆಯ ಪೈಪು ಕೂರಿಸುತ್ತಾರೆ. ಗಾಯ ಮಾಗಲು ಎರಡು ವಾರ ಬಿಟ್ಟರು, ಆಮೇಲೆ ನನಗೂ ನಮ್ಮನೆಯವರಿಗೂ ನರ್ಸ್ ಕೂತು ಕಲಿಸಿದರು. ಗ್ಲೂಕೋಸ್ ಬೆರೆತ ಎರಡು ಲೀಟರ್ ನೀರನ್ನು ಹೊಟ್ಟೆಗೆ ತುಂಬಿಸಿ, ಕೆಲವು ಗಂಟೆ ಇಟ್ಟುಕೊಂಡು, ಹೊರಗೆ ಬಿಟ್ಟು, ಹೊಸ ನೀರು ತುಂಬುವುದು. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ. ನನಗೆ ಇನ್ನೂ ಸ್ವಲ್ಪ ಮೂತ್ರ ಹೋಗುವುದರಿಂದ ಮೂರು ಸಾಕಾಯಿತು: ಬೆಳಿಗ್ಗೆ ಆರು, ಸಂಜೆ ಐದು, ರಾತ್ರಿ ಹತ್ತು. ಹಾಗಾಗಿ ಶಾಲೆಗೆ ವಾಪಸ್ ಹೋದೆ. ನನಗೆ ಇದಕ್ಕಿಂತ ದೊಡ್ಡ ಲಾಭ ಬೇರೆ ಇಲ್ಲ.

ನಮ್ಮ ಮನೆಯ ಒಳಕೋಣೆಯ ತೊಲೆಯಲ್ಲಿ ಹಳೆಯ ತೊಟ್ಟಿಲಿನ ಕೊಂಡಿ ಇತ್ತು, ಮಗಳನ್ನು ತೂಗಿದ್ದು. ಚೀಲ ಅಲ್ಲೇ ತೂಗುಹಾಕುತ್ತೇವೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ಕೈಯನ್ನು ಚೆನ್ನಾಗಿ ಸೋಪು ಹಚ್ಚಿ ತೊಳೆದು ಆಮೇಲೆ ಪೈಪಿಗೆ ಕೈ ಹಾಕುವುದು. ಹಳೆಯ ನೀರು ನೆಲದ ಮೇಲಿನ ಖಾಲಿ ಚೀಲಕ್ಕೆ ಇಳಿಯಲು ಇಪ್ಪತ್ತು ನಿಮಿಷ, ಹೊಸದು ಏರಲು ಹತ್ತು. ಹೊರಬಂದ ಚೀಲವನ್ನು ದಿನಪತ್ರಿಕೆಯ ಮೇಲಿಟ್ಟು ನೋಡುತ್ತೇನೆ. ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಎಲ್ಲ ಸರಿ. ಮಂಜಾದರೆ ಸೋಂಕು.

ಒಂದು ಸಲ ಮಂಜಾಯಿತು. 2023ರ ದೀಪಾವಳಿ, ಮನೆ ತುಂಬಾ ನೆಂಟರು, ಅವಸರದಲ್ಲಿ ಕೈ ತೊಳೆದಿದ್ದು ಸಾಲಲಿಲ್ಲ ಅಂತ ಕಾಣುತ್ತದೆ. ಎರಡು ದಿನದಲ್ಲಿ ಹೊಟ್ಟೆನೋವು, ಚೀಲದ ನೀರು ಗಂಜಿ ತಿಳಿಯ ಹಾಗೆ. ಕಲಿಸಿದ್ದ ಪ್ರಕಾರ ಆ ಚೀಲವನ್ನೇ ಹಿಡಿದುಕೊಂಡು ಆಸ್ಪತ್ರೆಗೆ ಹೋದೆವು. ಚೀಲದ ನೀರಿನಲ್ಲೇ ಆಂಟಿಬಯೋಟಿಕ್ ಬೆರೆಸಿ ಎರಡು ವಾರ ಕೊಟ್ಟರು, ವಾಸಿಯಾಯಿತು. ಹೊಟ್ಟೆ ಡಯಾಲಿಸಿಸ್‌ಗೆ ಮುಖ್ಯ ಶತ್ರು ಇದೇ. ಪದೇ ಪದೇ ಬಂದರೆ ಪೈಪು ತೆಗೆಯಬೇಕಾಗುತ್ತದೆ. ಕೈ ಶುದ್ಧಿ ಪಾಲಿಸಲು ಆಗದ ಮನೆಯವರಿಗೆ ನಾನು ಇದನ್ನು ಹೇಳುವುದಿಲ್ಲ.

ಊಟದಲ್ಲಿ ಎರಡಕ್ಕೂ ಅಜಗಜಾಂತರ. ಯಂತ್ರದ ಕಾಲದಲ್ಲಿ ಎಳನೀರು, ಬಾಳೆಹಣ್ಣು, ಹಲಸು ಎಲ್ಲ ಬಂದ್. ಪೊಟ್ಯಾಷಿಯಂ ಏರಿದರೆ ಹೃದಯವೇ ನಿಲ್ಲಬಹುದು. ತರಕಾರಿಯನ್ನೂ ಬೇಯಿಸಿ, ನೀರು ಬಸಿದು ತಿನ್ನುತ್ತಿದ್ದೆ. ಹೊಟ್ಟೆ ಡಯಾಲಿಸಿಸ್ ದಿನವಿಡೀ ನಡೆಯುತ್ತಿರುವುದರಿಂದ ಪೊಟ್ಯಾಷಿಯಂ ತಾನಾಗಿ ಹೋಗುತ್ತದೆ. ನನಗಂತೂ ಕಡಿಮೆಯೇ ಆಗಿ, ಬಾಳೆಹಣ್ಣು ತಿನ್ನಿ ಅಂದರು ಡಾಕ್ಟರು! ಅತ್ತೆ ಅವತ್ತೇ ಒಂದು ಗೊನೆ ಇಳಿಸಿದರು. ಆದರೆ ಪ್ರೋಟೀನ್ ಕೂಡ ನೀರಿನ ಜೊತೆ ಸೋರಿಹೋಗುತ್ತದೆ. ಅದಕ್ಕೆ ದಿನಾ ಮೊಟ್ಟೆಯ ಬಿಳಿ, ಆಗಾಗ ಮೀನು. ಗ್ಲೂಕೋಸ್ ಒಳಗೆ ಸೇರುವುದರಿಂದ ನಾನು ಐದು ಕೆ.ಜಿ. ದಪ್ಪಗಾದೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ಮೊದಲೇ ಡಾಕ್ಟರ ಹತ್ತಿರ ಮಾತಾಡಿಕೊಳ್ಳಬೇಕು. ಮಲಬದ್ಧತೆಯಾದರೂ ನೀರು ಸರಿಯಾಗಿ ಇಳಿಯುವುದಿಲ್ಲ.

ಜಾಗ ಬೇಕು. ತಿಂಗಳಿಗೆ 90 ಚೀಲ ಅಂದರೆ ಎರಡು ಕ್ವಿಂಟಲ್ ಹತ್ತಿರ. ಅಡಿಕೆ ಚೀಲ ಇಡುತ್ತಿದ್ದ ಕೋಣೆ ಖಾಲಿ ಮಾಡಿದೆವು. ಕರೆಂಟ್ ಮೇಲೆ ಮಾತ್ರ ಅವಲಂಬನೆ ಇಲ್ಲ, ನೀರು ತನ್ನ ಭಾರಕ್ಕೇ ಇಳಿಯುತ್ತದೆ. ಮಳೆಗಾಲದಲ್ಲಿ ಚೀಲ ಬೆಚ್ಚಗೆ ಮಾಡಲು ಆಗದೆ ಹೊಟ್ಟೆಯೊಳಗೆ ಚಳಿ ಚಳಿ ಅನ್ನಿಸುತ್ತದೆ, ಅಷ್ಟೇ. ರಾತ್ರಿ ಮಲಗಿದಾಗ ತಾನೇ ನೀರು ಬದಲಿಸುವ ಯಂತ್ರವೂ ಇದೆ. ಹದಿನೈದು ದಿನ ನೋಡಿದೆ. ನಮ್ಮೂರ ಕರೆಂಟಿಗೆ ಅದು ಹೊಂದಲಿಲ್ಲ.

ದುಡ್ಡಿನ ವಿಷಯದಲ್ಲಿ ಯಂತ್ರದ್ದೇ ಮೇಲುಗೈ. ಕೇಂದ್ರ ಸರ್ಕಾರ 2016ರಲ್ಲಿ ಡಯಾಲಿಸಿಸ್ ಯೋಜನೆ ಘೋಷಿಸಿದ ಮೇಲೆ ಬಡವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. ಚೀಲಗಳನ್ನು ನಾವು ಕೈಯಿಂದ ಕೊಂಡಾಗ ತಿಂಗಳಿಗೆ 20 ಸಾವಿರ ದಾಟಿತ್ತು. ಬಸ್ಸು, ಊಟ, ಕಳೆದುಕೊಂಡ ಸಂಬಳ ಎಲ್ಲ ಸೇರಿಸಿದರೆ ನಮಗೆ ಹೊಂದಿತು, ಎಲ್ಲರಿಗೂ ಹೊಂದುವುದಿಲ್ಲ. ಹಾಂಗ್‌ಕಾಂಗ್‌ನ ಸರ್ಕಾರಿ ಆಸ್ಪತ್ರೆಗಳಲ್ಲಿ 1985ರಿಂದ ಹೊಟ್ಟೆ ಡಯಾಲಿಸಿಸ್ಸೇ ಮೊದಲ ಆಯ್ಕೆ. ರಸ್ತೆ ಕಡಿದುಹೋಗುವ ನಮ್ಮ ಮಲೆನಾಡಿಗೂ ಅದು ಬರಬೇಕು ಅಂತ ನನ್ನ ಆಸೆ.

ಇನ್ನೊಂದು ಕಷ್ಟ, ಇದಕ್ಕೆ ರಜೆ ಅನ್ನೋದಿಲ್ಲ. ಹಬ್ಬ, ಜ್ವರ, ಮದುವೆ ಮನೆ, ಎಲ್ಲಿದ್ದರೂ ಮೂರು ಸಲ ಆಗಲೇಬೇಕು. ಕೆಲವು ರಾತ್ರಿ ಹತ್ತು ಗಂಟೆಗೆ ಕಣ್ಣು ಎಳೆಯುವಾಗ ಆ ವಾರ್ಡಿನ ಹಾಸಿಗೆ ನೆನಪಾಗುತ್ತದೆ. ಒಬ್ಬರೇ ಇರುವ ವಯಸ್ಸಾದವರು, ಕಣ್ಣು ಮಂಜಾದವರು, ಹೊಟ್ಟೆಗೆ ದೊಡ್ಡ ಆಪರೇಷನ್ ಆದವರು, ಆಸ್ಪತ್ರೆಯ ಪಕ್ಕದಲ್ಲೇ ಮನೆ ಇರುವವರು ಬಹುಶಃ ಯಂತ್ರಕ್ಕೇ ಹೋಗಬೇಕು. ದೂರದ ಊರು, ಕೆಲಸ ಬಿಡಲಾಗದವರು, ಇನ್ನೂ ಮೂತ್ರ ಹೋಗುತ್ತಿರುವವರು ಹೊಟ್ಟೆಯದನ್ನು ಕೇಳಿ ನೋಡಿ. ಡಾಕ್ಟರು ಹೇಳದಿದ್ದರೆ ನೀವೇ ಕೇಳಿ. ಕುತ್ತಿಗೆಗೆ ಪೈಪು ಹಾಕುವ ತುರ್ತು ಬರುವ ಮೊದಲೇ ಕೇಳಿದರೆ ಇನ್ನೂ ಒಳ್ಳೆಯದು.

ಕಿಡ್ನಿ ಕಸಿಗೆ ಜೀವಸಾರ್ಥಕತೆಯಲ್ಲಿ, ಅಂದರೆ ಅಂಗದಾನ ನೋಡಿಕೊಳ್ಳುವ ನಮ್ಮ ರಾಜ್ಯದ ಸಂಸ್ಥೆಯಲ್ಲಿ, ಹೆಸರು ಬರೆಸಿದ್ದೇನೆ. ಹೊಟ್ಟೆಯ ಪೊರೆಯೂ ವರ್ಷಗಳು ಹೋದಂತೆ ಸೋಲಬಹುದು. ಹಾಗಾಗಿ ಎಡಗೈಯ ಫಿಸ್ಟುಲಾ ಇನ್ನೂ ಜೋಪಾನ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಆರಕ್ಕೆ ಚೀಲ ಕೊಂಡಿಗೆ ಹಾಕುವ ಮೊದಲು ಅದರ ಮೇಲೆ ಎರಡು ಬೆರಳಿಟ್ಟು ನೋಡುತ್ತೇನೆ. ಗುರುಗುಡುತ್ತಿದೆ.